ಪೈಪು ಬರೆಯಿರಿ, ದೇವತೆ ಬೇಡ

ನದಿ ಶುದ್ಧೀಕರಣಕ್ಕೆ ಹೊಸ ಯೋಜನೆ ಅಂತ ಸುದ್ದಿ ಬಂದ ಸಂಜೆಯೇ ನನಗೆ ಫೋನು ಬರುತ್ತದೆ. "ಸಾರ್, ನದಿದೇವತೆ ಅಳ್ತಿರ್ಬೇಕು, ಪಕ್ಕದಲ್ಲಿ ಮಂತ್ರಿ ಮೂಗು ಮುಚ್ಕೊಂಡು ನಿಂತಿರ್ಬೇಕು. ಒಂದು ಹಾಕ್ಕೊಡಿ." ಕಾರ್ಟೂನು ಬರೆಯಲು ಶುರುಮಾಡಿದಾಗಿನಿಂದ ಇದೇ ದೇವತೆ, ಇದೇ ಕಣ್ಣೀರು. ಸೀರೆಯ ಅಂಚನ್ನು ಮಾತ್ರ ಆಗಾಗ ಬದಲಿಸಿದ್ದೇನೆ.

ನಾತ ಎಲ್ಲರಿಗೂ ಗೊತ್ತು. ಅದು ಯಾರ ಮನೆಯಿಂದ ಹೊರಟಿತು ಅನ್ನುವುದನ್ನು ಬರೆಯಿರಿ ಅಂದರೆ ಹೊಸದಾಗಿ ಕಾರ್ಟೂನು ಬರೆಯುವ ಹುಡುಗರಿಗೆ ಅರ್ಥವಾಗುವುದಿಲ್ಲ.

1855ರ ಜುಲೈನಲ್ಲಿ ವಿಜ್ಞಾನಿ ಮೈಕೆಲ್ ಫ್ಯಾರಡೆ ಲಂಡನ್ನಿನಲ್ಲಿ ದೋಣಿಯಲ್ಲಿ ಹೋಗುತ್ತ, ಬಿಳಿ ಕಾರ್ಡಿನ ಚೂರುಗಳನ್ನು ಒದ್ದೆ ಮಾಡಿ ಥೇಮ್ಸ್ ನದಿಗೆ ಹಾಕಿದರು. ಒಳ್ಳೆ ಬಿಸಿಲು, ಆದರೂ ಒಂದಂಗುಲ ಮುಳುಗುವಷ್ಟರಲ್ಲಿ ಚೂರು ಕಾಣೆ. ಅದನ್ನೇ ಪತ್ರಿಕೆಗೆ ಬರೆದರು. ಅದೇ ತಿಂಗಳು ಅಲ್ಲಿನ 'ಪಂಚ್' ಎಂಬ ಹಾಸ್ಯ ಪತ್ರಿಕೆಯಲ್ಲಿ, ಕೊಚ್ಚೆ ಮೆತ್ತಿಕೊಂಡ ಥೇಮ್ಸ್ ಮುದುಕನಿಗೆ ಫ್ಯಾರಡೆ ತಮ್ಮ ಕಾರ್ಡು ಕೊಡುವ ಚಿತ್ರ ಬಂತು. ಅವರೂ ಮೂಗು ಹಿಡಿದಿದ್ದಾರಲ್ಲ ಅನ್ನಬೇಡಿ. ನೋಡುವವರ ಕಣ್ಣು ಹೋಗುವುದು ಕಾರ್ಡಿನ ಮೇಲೆ. ಆ ಕಾರ್ಡೇ ಸಾಕ್ಷಿ. 1858ರ ಬೇಸಿಗೆಯ ನಾತಕ್ಕೆ ಸಂಸತ್ತೇ ಕಂಗೆಟ್ಟು, ಒಳಚರಂಡಿಗೆ ದಾರಿಮಾಡುವ ಕಾಯ್ದೆಯನ್ನು ತರಾತುರಿಯಲ್ಲಿ ತಂದಿತು. ಕಾರ್ಟೂನಿನಿಂದಲೇ ಆಯಿತು ಅಂತ ನಾನು ಹೇಳಲಾರೆ. ಅವರ ಸಂಸತ್ತು ನದಿ ದಡದಲ್ಲೇ ಇತ್ತು. ನಮ್ಮ ವಿಧಾನಸೌಧದ ಕಿಟಕಿಗೆ ವೃಷಭಾವತಿ ಕಾಣುವುದಿಲ್ಲ.

ಬಸವನಗುಡಿಯ ಬಸವನ ಪಾದದಲ್ಲಿ ಹುಟ್ಟಿದಳೆಂದು ನಂಬುವ ಈ ತಾಯಿ, ಗಾಳಿ ಆಂಜನೇಯನ ಗುಡಿಯ ಪಕ್ಕ ಹಾದು, ಬೈರಮಂಗಲ ಕೆರೆಗಿಳಿದು, ಅರ್ಕಾವತಿಯ ಜೊತೆ ಕಾವೇರಿ ಸೇರುತ್ತಾಳೆ. ಜನ ಕರೆಯುವುದು ಮೋರಿ ಅಂತ. ಅವಳ ನೊರೆ ಬರೆಯುವಷ್ಟು ಸುಲಭದ ಕೆಲಸ ಇನ್ನೊಂದಿಲ್ಲ: ಸುತ್ತ ಇಂಡಿಯನ್ ಇಂಕು ಬಳಿದು, ನಡುವೆ ಕಾಗದ ಹಾಗೇ ಬಿಟ್ಟರಾಯಿತು. ಆ ನೊರೆಯ ಸೋಪಿನ ಪುಡಿ ಯಾವ ಬಚ್ಚಲಿನದು ಅಂತ ತೋರಿಸಹೊರಟಾಗ ಕೈ ನಡುಗುತ್ತದೆ.

ಒಂದು ಅಪಾರ್ಟ್‌ಮೆಂಟಿನವರು 'ನದಿ ಉಳಿಸಿ' ಕ್ಯಾಲೆಂಡರಿಗೆ ಚಿತ್ರ ಕೇಳಿದ್ದರು. ವಾಷಿಂಗ್ ಮಷೀನು ಬರೆದೆ. ಅದರ ಪೈಪು ಬಾಲ್ಕನಿ ಇಳಿದು, ಗೇಟು ದಾಟಿ, ರಸ್ತೆಗುಂಟ ಹೋಗಿ ಹೊಳೆಗೆ ಬಿದ್ದಿತ್ತು. ಕಾರ್ಯದರ್ಶಿ ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. ಒಳ್ಳೆಯ ಮನುಷ್ಯ, ಕಾಫಿಯನ್ನೂ ತರಿಸಿದರು.

"ತುಂಬಾ ಚೆನ್ನಾಗಿದೆ ಸಾರ್. ಆದ್ರೆ ಈ ಗ್ರಿಲ್ಲು ನಮ್ದರ ಥರಾನೇ ಇದೆಯಲ್ಲಾ?"

ಅಡ್ವಾನ್ಸು ತಗೊಂಡಾಗಿತ್ತು. ದೇವತೆಯನ್ನೇ ಬರೆದುಕೊಟ್ಟೆ, ಹಸಿರು ಅಂಚಿನ ಸೀರೆ.