ಬದಲಾಗುವುದು ಕಾರ್ಡ್ ಮಾತ್ರ: ಗ್ರಾಫಿಕ್ಸ್ ಕಾರ್ಡ್‌ಗಳ ವೇಗವನ್ನು ನ್ಯಾಯವಾಗಿ ಅಳೆಯುವ ಬಗೆ

ಎರಡು ಗ್ರಾಫಿಕ್ಸ್ ಕಾರ್ಡ್‌ಗಳಲ್ಲಿ ಯಾವುದು ವೇಗದ್ದು ಎಂದು ಕೇಳಿದರೆ ಉತ್ತರವಾಗಿ ಒಂದು ಅಂಕಿ ಸಿಗುತ್ತದೆ. ಆ ಅಂಕಿಯನ್ನು ನಂಬಿ ಜನ ತಿಂಗಳುಗಟ್ಟಲೆ ಕೂಡಿಟ್ಟ ಹಣ ಹಾಕುತ್ತಾರೆ. ಹಾಗಾಗಿ ಈ ಕೆಲಸದಲ್ಲಿ ನನಗಿರುವುದು ಒಂದೇ ಹಟ: ಎರಡು ಅಂಕಿಗಳ ನಡುವೆ ವ್ಯತ್ಯಾಸ ಕಂಡರೆ ಅದು ಕಾರ್ಡ್‌ನಿಂದಲೇ ಬಂದಿರಬೇಕು. ಕೋಣೆಯ ಸೆಕೆಯಿಂದ, ಹಿನ್ನೆಲೆಯಲ್ಲಿ ಇಳಿಯುತ್ತಿದ್ದ ಅಪ್‌ಡೇಟ್‌ನಿಂದ, ಆಟ ತನ್ನಷ್ಟಕ್ಕೆ ಬದಲಿಸಿಕೊಂಡ ಸೆಟ್ಟಿಂಗ್‌ನಿಂದ ಬಂದಿರಬಾರದು. ಹೇಳಲು ಇಷ್ಟೇ. ಪಾಲಿಸಲು ಹೊರಟಾಗ ಮಾತ್ರ ಪರೀಕ್ಷೆಗಿಂತ ಅದರ ತಯಾರಿಗೇ ಹೆಚ್ಚು ಹೊತ್ತು ಹಿಡಿಯುತ್ತದೆ.

ಮೊದಲು ಪ್ರೊಸೆಸರ್ ವಿಷಯ. ಯಾರು ಎಲ್ಲಿದ್ದಾರೆ, ಏನು ಚಲಿಸುತ್ತಿದೆ, ಯಾವುದನ್ನು ಬಿಡಿಸಬೇಕು ಎಂಬುದನ್ನು ಪ್ರತಿ ಫ್ರೇಮ್‌ಗೂ (ಪರದೆಯ ಮೇಲೆ ಮೂಡುವ ಒಂದೊಂದು ಚಿತ್ರಕ್ಕೂ) ಪ್ರೊಸೆಸರ್ ಲೆಕ್ಕ ಹಾಕಿ ಕೊಟ್ಟ ಮೇಲೆಯೇ ಕಾರ್ಡ್ ಚಿತ್ರ ಬಿಡಿಸುತ್ತದೆ. ಪ್ರೊಸೆಸರ್ ಸೆಕೆಂಡಿಗೆ 120 ಫ್ರೇಮ್‌ಗಳಿಗೆ ಸಾಕಾಗುವಷ್ಟೇ ಕೆಲಸ ಒದಗಿಸಿದರೆ, 130 ಬಿಡಿಸಬಲ್ಲ ಕಾರ್ಡೂ 200 ಬಿಡಿಸಬಲ್ಲ ಕಾರ್ಡೂ 120ಕ್ಕೇ ನಿಲ್ಲುತ್ತವೆ. ಇಬ್ಬರು ಓಟಗಾರರನ್ನು ಕಿರಿದಾದ ಓಣಿಯಲ್ಲಿ ನಿಧಾನವಾಗಿ ನಡೆಯುವ ಒಬ್ಬನ ಹಿಂದೆ ಓಡಲು ಬಿಟ್ಟು, ಇಬ್ಬರೂ ಸಮ ಎಂದು ತೀರ್ಪು ಕೊಟ್ಟಂತೆ ಅದು. ಕಾರ್ಡ್ ಪರೀಕ್ಷೆಗೆ ಸಿಗುವುದರಲ್ಲೇ ಅತಿ ವೇಗದ ಪ್ರೊಸೆಸರ್ ಬಳಸುವುದು ಇದೇ ಕಾರಣಕ್ಕೆ. ಅಗ್ಗದ ಕಾರ್ಡ್‌ಗೆ ಅಷ್ಟು ದುಬಾರಿ ಪ್ರೊಸೆಸರ್ ಯಾರು ಜೋಡಿಸುತ್ತಾರೆ ಎಂದು ಓದುಗರು ಕೇಳುವುದುಂಟು. ಯಾರೂ ಜೋಡಿಸುವುದಿಲ್ಲ, ನಿಜ. ಆದರೆ ಇಲ್ಲಿ ಅಳೆಯುತ್ತಿರುವುದು ಕಾರ್ಡನ್ನು, ಇಡೀ ಕಂಪ್ಯೂಟರನ್ನಲ್ಲ.

ಪ್ರೊಸೆಸರ್ ಅಡ್ಡ ಬಂದಿದೆಯೇ ಎಂದು ತಿಳಿಯಲು ಸುಲಭದ ದಾರಿಯಿದೆ. ರೆಸಲ್ಯೂಷನ್ (ಚಿತ್ರದಲ್ಲಿರುವ ಚುಕ್ಕೆಗಳ ಸಂಖ್ಯೆ) ಇಳಿಸಿ ನೋಡಿ. 1440ಪಿಯಿಂದ 1080ಪಿಗೆ ಇಳಿಸಿದರೂ ಫ್ರೇಮ್‌ಗಳ ಸಂಖ್ಯೆ ಏರದಿದ್ದರೆ ಅಲ್ಲಿ ಕಾದು ಕುಳಿತಿರುವುದು ಕಾರ್ಡ್. ಆ ಆಟದ ಆ ದೃಶ್ಯ ಕಾರ್ಡ್‌ಗಳನ್ನು ಹೋಲಿಸಲು ಬರುವುದಿಲ್ಲ.

ಇದರಲ್ಲೇ ಒಂದು ಸೂಕ್ಷ್ಮವಿದೆ, ನನ್ನ ಮಟ್ಟಿಗೆ ಇಡೀ ವಿಷಯದ ಅತಿ ಕಷ್ಟದ ಭಾಗ ಇದೇ. ಕಾರ್ಡನ್ನು ನಡೆಸುವ ಡ್ರೈವರ್ ಕೂಡ ಪ್ರೊಸೆಸರ್ ಮೇಲೆಯೇ ಓಡುವ ತಂತ್ರಾಂಶ. ಎಲ್ಲ ಕಂಪನಿಗಳ ಡ್ರೈವರೂ ಪ್ರೊಸೆಸರ್‌ಗೆ ಒಂದೇ ಪ್ರಮಾಣದ ಹೊರೆ ಹಾಕುವುದಿಲ್ಲ. 2024ರ ಡಿಸೆಂಬರ್‌ನಲ್ಲಿ ಇಂಟೆಲ್‌ನ ಆರ್ಕ್ ಬಿ580 ಬಂದಾಗ ವೇಗದ ಪ್ರೊಸೆಸರ್ ಮೇಲೆ ಚೆನ್ನಾಗಿ ಓಡಿತು. ಕೆಲವೇ ವಾರಗಳಲ್ಲಿ ಹಳೆಯ, ಸಾಧಾರಣ ಪ್ರೊಸೆಸರ್‌ಗಳ ಮೇಲೆ ಅದೇ ಕಾರ್ಡ್ ಎದುರಾಳಿಗಳಿಗಿಂತ ಹೆಚ್ಚು ಕುಸಿಯುವುದು ಕಂಡುಬಂತು. ಅಂದರೆ ಅತಿ ವೇಗದ ಪ್ರೊಸೆಸರ್ ಮೇಲಿನ ಪರೀಕ್ಷೆ ಕಾರ್ಡ್‌ನ ಶಕ್ತಿಯನ್ನು ಸರಿಯಾಗಿ ತೋರಿಸಿದರೂ, ಆ ಕಾರ್ಡ್ ಕೊಳ್ಳುವವರ ಮನೆಯಲ್ಲಿ ಏನಾಗುತ್ತದೆ ಎಂಬುದನ್ನು ಮುಚ್ಚಿಟ್ಟುಬಿಡಬಹುದು. ಅದಕ್ಕಾಗಿ ನಾನು ಮುಖ್ಯ ಪರೀಕ್ಷೆಯನ್ನು ವೇಗದ ಪ್ರೊಸೆಸರ್ ಮೇಲೆಯೇ ಮಾಡಿ, ಎರಡು ಮೂರು ಆಟಗಳನ್ನು ಸಾಧಾರಣ ಪ್ರೊಸೆಸರ್ ಮೇಲೂ ಓಡಿಸಿ, ಆ ಅಂಕಿಗಳನ್ನು ಬೇರೆಯಾಗಿಯೇ ಕೊಡುತ್ತೇನೆ. ಎರಡನ್ನೂ ಕಲಸಿ ಸರಾಸರಿ ತೆಗೆಯುವುದಿಲ್ಲ; ಅವು ಎರಡು ಬೇರೆ ಪ್ರಶ್ನೆಗಳಿಗೆ ಉತ್ತರ.

ಉಳಿದ ಯಂತ್ರವನ್ನು ಬಿಗಿಯಾಗಿ ಕಟ್ಟಿಹಾಕಬೇಕು. ಮದರ್‌ಬೋರ್ಡ್‌ನ ಬಯೋಸ್‌ನಲ್ಲಿ ರ‍್ಯಾಮ್‌ನ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಪ್ರೊಫೈಲ್ (ಅದನ್ನು ಘೋಷಿತ ವೇಗದಲ್ಲಿ ಓಡಿಸುವ ಸೆಟ್ಟಿಂಗ್) ಆನ್ ಆಗಿದೆಯೇ ಎಂದು ನೋಡಬೇಕು. ರೀಸೈಜಬಲ್ ಬಾರ್ ಎಂಬ ಸೌಲಭ್ಯವೂ ಆನ್ ಇರಬೇಕು. ಪ್ರೊಸೆಸರ್‌ಗೆ ಕಾರ್ಡ್‌ನ ಇಡೀ ಮೆಮೊರಿ ಒಂದೇ ಸಲಕ್ಕೆ ಕಾಣುವಂತೆ ಮಾಡುವುದು ಅದೇ. ಅದು ಆಫ್ ಆಗಿದ್ದರೆ ಆರ್ಕ್ ಕಾರ್ಡ್‌ಗಳು ತೀರಾ ಸೊರಗುತ್ತವೆ, ಬೇರೆಯವುಗಳ ಮೇಲೆ ಅಷ್ಟು ಪರಿಣಾಮ ಆಗುವುದಿಲ್ಲ. ಒಂದು ಸ್ವಿಚ್ ಮರೆತರೆ ಒಂದು ಕಂಪನಿಗೆ ಮಾತ್ರ ಅನ್ಯಾಯ. ಕಾರ್ಡ್ ಸಿಕ್ಕಿಸುವ ಪಿಸಿಐಇ ಸ್ಲಾಟ್ ವಿಷಯವೂ ಹಾಗೆಯೇ. 2022ರ ಜನವರಿಯಲ್ಲಿ ಬಂದ ರೇಡಿಯಾನ್ ಆರ್‌ಎಕ್ಸ್ 6500 ಎಕ್ಸ್‌ಟಿಗೆ ಇದ್ದದ್ದು ನಾಲ್ಕೇ ಲೇನ್ (ದತ್ತಾಂಶ ಓಡಾಡುವ ದಾರಿ), 4 ಜಿಬಿ ಮೆಮೊರಿ. ಮೆಮೊರಿ ತುಂಬಿ ರ‍್ಯಾಮ್‌ನಿಂದ ದತ್ತಾಂಶ ತರಿಸಿಕೊಳ್ಳಬೇಕಾದಾಗ, ಪಿಸಿಐಇ 4.0 ಬೋರ್ಡ್ ಮೇಲೆ ಹೇಗೋ ನಿಭಾಯಿಸುತ್ತಿದ್ದ ಕಾರ್ಡ್ ಅದಕ್ಕಿಂತ ಹಳೆಯ, ನಿಧಾನದ 3.0 ಬೋರ್ಡ್ ಮೇಲೆ ಎದ್ದುಕಾಣುವಷ್ಟು ಹಿಂದೆ ಬೀಳುತ್ತಿತ್ತು.

ವಿಂಡೋಸ್‌ನ ಅಪ್‌ಡೇಟ್‌ಗಳನ್ನು ಪರೀಕ್ಷೆ ಮುಗಿಯುವವರೆಗೆ ತಡೆಹಿಡಿಯಿರಿ, ಆಟಗಳದ್ದೂ ಅಷ್ಟೇ. ಕಾರ್ಡ್ ಬದಲಿಸುವಾಗ ಹಳೆಯ ಡ್ರೈವರನ್ನು ಡಿಡಿಯು ತಂತ್ರಾಂಶದಿಂದ ಪೂರ್ತಿ ಅಳಿಸಿ ಹೊಸದನ್ನು ಹಾಕಿ. ಕಾರ್ಡ್ ಮೇಲೆ ಎರಡು ಬಯೋಸ್‌ಗಳ ಪುಟ್ಟ ಸ್ವಿಚ್ ಇದ್ದರೆ ಅದು ಯಾವ ಕಡೆಗಿದೆ ಎಂದು ಬರೆದಿಟ್ಟುಕೊಳ್ಳಿ. ವಿ-ಸಿಂಕ್ (ಫ್ರೇಮ್‌ಗಳನ್ನು ಪರದೆಯ ವೇಗಕ್ಕೆ ಕಟ್ಟುವುದು), ಫ್ರೇಮ್ ಮಿತಿ, ಡೈನಾಮಿಕ್ ರೆಸಲ್ಯೂಷನ್ (ಆಟವೇ ರೆಸಲ್ಯೂಷನ್ ಏರಿಳಿಸುವುದು) ಎಲ್ಲವೂ ಆಫ್.

ಇಷ್ಟಾದ ಮೇಲೂ ಒಂದು ಕಡೆ ಎಚ್ಚರ ತಪ್ಪುತ್ತದೆ. ಹೊಸ ಕಾರ್ಡ್ ಕಂಡ ಕೂಡಲೇ ಅನೇಕ ಆಟಗಳು ತಮ್ಮ ಸೆಟ್ಟಿಂಗ್‌ಗಳನ್ನು ತಾವೇ ಮತ್ತೆ ಹೊಂದಿಸಿಕೊಳ್ಳುತ್ತವೆ. ಹಿಂದಿನ ಕಾರ್ಡ್‌ಗೆ ಅಲ್ಟ್ರಾ ಇಟ್ಟಿದ್ದಿರಿ, ಈಗ ಅದು ಹೈ ಆಗಿರಬಹುದು. ಅಪ್‌ಸ್ಕೇಲಿಂಗ್ (ಕಡಿಮೆ ರೆಸಲ್ಯೂಷನ್‌ನಲ್ಲಿ ಬಿಡಿಸಿ ಹಿಗ್ಗಿಸುವುದು) ಸದ್ದಿಲ್ಲದೆ ಆನ್ ಆಗಿರಬಹುದು. ಪ್ರತಿ ಕಾರ್ಡ್‌ಗೂ ಸೆಟ್ಟಿಂಗ್ಸ್ ಪುಟದ ಸ್ಕ್ರೀನ್‌ಶಾಟ್ ತೆಗೆದಿಟ್ಟು, ಹಿಂದಿನದರ ಪಕ್ಕದಲ್ಲಿಟ್ಟು ಸಾಲು ಸಾಲಾಗಿ ತಾಳೆ ನೋಡುವುದಕ್ಕಿಂತ ಒಳ್ಳೆಯ ಉಪಾಯ ನನಗೆ ಸಿಕ್ಕಿಲ್ಲ.

ಇನ್ನು ಏನನ್ನು ಓಡಿಸಬೇಕು? ಆಟದೊಳಗೇ ಇರುವ ಬೆಂಚ್‌ಮಾರ್ಕ್, ಅಂದರೆ ವೇಗ ಅಳೆಯುವ ಸಿದ್ಧ ದೃಶ್ಯ, ಅನುಕೂಲದ್ದು. ಪ್ರತಿ ಸಲವೂ ಕ್ಯಾಮೆರಾ ಅದೇ ಹಾದಿಯಲ್ಲಿ ಸಾಗುತ್ತದೆ. ತೊಂದರೆಯಿರುವುದೂ ಅಲ್ಲೇ. ಹಾದಿ ಮೊದಲೇ ಗೊತ್ತಿದ್ದರೆ ಅದಕ್ಕೆಂದೇ ಸಿದ್ಧವಾಗಬಹುದು. 2001ರಲ್ಲಿ ಎಟಿಐ ಕಂಪನಿಯ ರೇಡಿಯಾನ್ 8500 ಕಾರ್ಡ್‌ನ ಡ್ರೈವರ್ ಕ್ವೇಕ್ 3 ಆಟದ ಹೆಸರನ್ನು ಗುರುತಿಸುತ್ತಿತ್ತು. ಪರೀಕ್ಷಕರು ಆ ಹೆಸರನ್ನು 'ಕ್ವ್ಯಾಕ್' ಎಂದು ಬದಲಿಸಿ ಓಡಿಸಿದಾಗ ವೇಗ ಇಳಿಯಿತು, ಚಿತ್ರ ಮಾತ್ರ ಇನ್ನಷ್ಟು ಸ್ಪಷ್ಟವಾಯಿತು! 2003ರಲ್ಲಿ 3ಡಿಮಾರ್ಕ್03 ಎಂಬ ಪರೀಕ್ಷಾ ತಂತ್ರಾಂಶ ತಯಾರಿಸಿದ ಫ್ಯೂಚರ್‌ಮಾರ್ಕ್, ಎನ್‌ವಿಡಿಯಾ ಡ್ರೈವರ್ ಈ ಪರೀಕ್ಷೆಯನ್ನೇ ಗುರುತಿಸಿ, ಕ್ಯಾಮೆರಾ ತಿರುಗದ ಕಡೆಯ ಭಾಗಗಳನ್ನು ಬಿಡಿಸದೆ ಬಿಡುತ್ತಿತ್ತೆಂದು ವರದಿ ಮಾಡಿತು. ಅದನ್ನು ತಡೆದಾಗ ಜೀಫೋರ್ಸ್ ಎಫ್‌ಎಕ್ಸ್ 5900 ಅಲ್ಟ್ರಾದ ಅಂಕ ಸುಮಾರು 24% ಕುಸಿಯಿತು. ಅಂಥ ಅತಿರೇಕ ಇಲ್ಲದಿದ್ದರೂ ಬೆಂಚ್‌ಮಾರ್ಕ್ ದೃಶ್ಯಗಳು ನಿಜವಾದ ಆಟಕ್ಕಿಂತ ತುಂಬಾ ಹಗುರವೋ ಭಾರವೋ ಆಗಿರುವುದು ಸಾಮಾನ್ಯ.

ಆದ್ದರಿಂದ ನಾನು ಆಡುತ್ತಲೇ ಅಳೆಯುವುದನ್ನು ಇಷ್ಟಪಡುತ್ತೇನೆ. ಮೊದಲು ಆಟವನ್ನು ಕೆಲವು ಗಂಟೆ ಆಡಿ, ಕಾರ್ಡ್‌ಗೆ ನಿಜವಾಗಿ ಭಾರವಾಗುವ ಜಾಗವನ್ನು ಹುಡುಕುತ್ತೇನೆ. ಜನಜಂಗುಳಿಯ ಪೇಟೆಯೋ ಹೊಗೆ ತುಂಬಿದ ಕಾಳಗವೋ ಆಗಬಹುದು. ಅಲ್ಲಿ ಸೇವ್ ಮಾಡಿಟ್ಟು, ಅದೇ ತಿರುವುಗಳಲ್ಲಿ ಅದೇ ವೇಗದಲ್ಲಿ 60 ಸೆಕೆಂಡ್ ನಡೆಯುತ್ತೇನೆ. ಮಳೆ, ಹಗಲು ರಾತ್ರಿ ಬದಲಾಗುವ ಆಟವಾದರೆ ಪ್ರತಿ ಸಲವೂ ಅದೇ ಸೇವ್‌ನಿಂದ ಶುರು ಮಾಡುವುದು ಕಡ್ಡಾಯ. ಮೊದಲ ಓಟವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಹೊಸ ಡ್ರೈವರ್ ಹಾಕಿದಾಗ ಹಳೆಯ ಶೇಡರ್ ಕ್ಯಾಶ್ (ಚಿತ್ರ ಬಿಡಿಸುವ ಪುಟ್ಟ ಪ್ರೋಗ್ರಾಂಗಳ ಸಿದ್ಧ ಸಂಗ್ರಹ) ಕೆಲಸಕ್ಕೆ ಬರುವುದಿಲ್ಲ. ಮೊದಲ ಸುತ್ತಿನಲ್ಲಿ ಶೇಡರ್‌ಗಳು ಮತ್ತೆ ಕಂಪೈಲ್ ಆಗುವಾಗ ಆಟ ಮುಗ್ಗರಿಸುತ್ತದೆ. ಅದು ಆಟಗಾರನಿಗೆ ನಿಜವಾದ ಕಿರಿಕಿರಿಯೇ, ಬರಹದಲ್ಲಿ ಹೇಳಲೂಬೇಕು. ಕಾರ್ಡ್‌ನ ವೇಗದ ಅಂಕಿಯೊಳಗೆ ಮಾತ್ರ ಸೇರಿಸಬಾರದು.

ಬಿಸಿಯ ಮಾತು ಇದಕ್ಕೇ ಸೇರಿದ್ದು. ಇಂದಿನ ಕಾರ್ಡ್‌ಗಳು ತಣ್ಣಗಿದ್ದಾಗ ಗಡಿಯಾರದ ವೇಗವನ್ನು (ಚಿಪ್ ಕೆಲಸ ಮಾಡುವ ಗತಿಯನ್ನು) ಏರಿಸಿಕೊಂಡು, ಬಿಸಿಯಾದಂತೆ ಮೆಟ್ಟಿಲು ಮೆಟ್ಟಿಲಾಗಿ ಇಳಿಸುತ್ತವೆ. ಈಗಷ್ಟೇ ಆನ್ ಮಾಡಿದ ಕಾರ್ಡನ್ನು ಅರ್ಧ ಗಂಟೆಯಿಂದ ಓಡುತ್ತಿರುವ ಕಾರ್ಡ್ ಜೊತೆ ಹೋಲಿಸಿದರೆ ಗೆಲ್ಲುವುದು ತಣ್ಣಗಿರುವುದೇ. ಅಳತೆಗೆ ಮುಂಚೆ ಹತ್ತು ಹದಿನೈದು ನಿಮಿಷ ಭಾರ ಹೊರಿಸಿ, ತಾಪಮಾನ ಒಂದು ಕಡೆ ನಿಂತ ಮೇಲೆ ದಾಖಲಿಸಬೇಕು. ಕೋಣೆಯ ತಾಪಮಾನವೂ ಎಲ್ಲ ಕಾರ್ಡ್‌ಗಳಿಗೆ ಒಂದೇ ಇರಬೇಕು. ತೆರೆದ ಮೇಜಿನ ಮೇಲೆ ಪರೀಕ್ಷೆ ಮಾಡುವುದು ಕೆಲಸಕ್ಕೆ ಸುಲಭ, ಆದರೆ ಕಾರ್ಡ್ ಬದುಕುವುದು ಮುಚ್ಚಿದ ಪೆಟ್ಟಿಗೆಯೊಳಗೆ. ನನ್ನ ಆಯ್ಕೆ ಪೆಟ್ಟಿಗೆಯೇ.

ಈಗ ಅಂಕಿಗಳು. ಸರಾಸರಿ ಎಫ್‌ಪಿಎಸ್ (ಸೆಕೆಂಡಿಗೆ ಬಿಡಿಸಿದ ಫ್ರೇಮ್‌ಗಳ ಸಂಖ್ಯೆ) ಎಷ್ಟು ಬಚ್ಚಿಡಬಲ್ಲದು ನೋಡಿ. ಒಂದು ಕಾರ್ಡ್ ಒಂದು ಸೆಕೆಂಡಿನಲ್ಲಿ 60 ಫ್ರೇಮ್‌ಗಳನ್ನು ತಲಾ 16.7 ಮಿಲಿಸೆಕೆಂಡ್‌ನಂತೆ ಬಿಡಿಸಿತು. ಇನ್ನೊಂದು 59 ಫ್ರೇಮ್‌ಗಳನ್ನು ತಲಾ 14 ಮಿಲಿಸೆಕೆಂಡ್‌ನಲ್ಲಿ ಬಿಡಿಸಿ, ಕೊನೆಯ ಒಂದಕ್ಕೆ 174 ಮಿಲಿಸೆಕೆಂಡ್ ತೆಗೆದುಕೊಂಡಿತು. ಎರಡರದ್ದೂ 60 ಎಫ್‌ಪಿಎಸ್. ಆಡುವವನಿಗೆ ಮೊದಲನೆಯದು ನೀರು ಹರಿದಂತೆ, ಎರಡನೆಯದರಲ್ಲಿ ಪರದೆ ಗಕ್ಕನೆ ನಿಂತದ್ದು ಗೊತ್ತಾಗುತ್ತದೆ. ಪ್ರತಿ ಫ್ರೇಮ್‌ನ ಸಮಯವನ್ನೇ ದಾಖಲಿಸುವ ಪದ್ಧತಿ ಈ ವೃತ್ತಿಯಲ್ಲಿ ಬಲವಾಗಿ ಬೇರೂರಿದ್ದು 2011ರಲ್ಲಿ ಟೆಕ್ ರಿಪೋರ್ಟ್ ಜಾಲತಾಣದ ಸ್ಕಾಟ್ ವಾಸನ್ ಸೆಕೆಂಡಿನ ಒಳಗೆ ಇಣುಕಿ ನೋಡಬೇಕೆಂದು ಬರೆದ ಮೇಲೆ. ಇಂದು ಪ್ರೆಸೆಂಟ್‌ಮಾನ್, ಕ್ಯಾಪ್‌ಫ್ರೇಮ್‌ಎಕ್ಸ್‌ನಂಥ ಉಚಿತ ತಂತ್ರಾಂಶಗಳಿಂದ ಯಾರು ಬೇಕಾದರೂ ಅದನ್ನು ಮಾಡಬಹುದು.

ಸರಾಸರಿಯ ಜೊತೆ '1% ಲೋ' ಕೊಡುವುದು ಈಗ ರೂಢಿ. ಆದರೆ ಕೆಲವರು ಅದನ್ನು ಅತಿ ನಿಧಾನದ 1% ಫ್ರೇಮ್‌ಗಳ ಸರಾಸರಿಯಾಗಿ ಲೆಕ್ಕ ಹಾಕುತ್ತಾರೆ, ಕೆಲವರು 99ನೇ ಪರ್ಸೆಂಟೈಲ್‌ನ (ನೂರರಲ್ಲಿ 99 ಫ್ರೇಮ್‌ಗಳು ಮೀರದ ಸಮಯದ) ಒಂದೇ ಬಿಂದುವನ್ನು ತೆಗೆದುಕೊಳ್ಳುತ್ತಾರೆ. ಒಂದೇ ದತ್ತಾಂಶದಿಂದ ಎರಡು ಬೇರೆ ಅಂಕಿ ಬರುವುದರಿಂದ ಯಾವ ಲೆಕ್ಕ ಎಂದು ಬರೆಯಲೇಬೇಕು. '0.1% ಲೋ' ಬಗ್ಗೆ ನನಗೆ ಅಷ್ಟು ಭರವಸೆಯಿಲ್ಲ. 100 ಎಫ್‌ಪಿಎಸ್‌ನಲ್ಲಿ ಒಂದು ನಿಮಿಷಕ್ಕೆ 6000 ಫ್ರೇಮ್, ಅದರ 0.1% ಎಂದರೆ ಆರೇ ಫ್ರೇಮ್. ಆರು ಫ್ರೇಮ್‌ಗಳ ಮೇಲೆ ಕಾರ್ಡ್‌ನ ಯೋಗ್ಯತೆ ತೀರ್ಮಾನಿಸುವುದು ಸಲ್ಲದು.

ಹಲವು ಆಟಗಳ ಫಲಿತಾಂಶವನ್ನು ಒಟ್ಟುಗೂಡಿಸುವಾಗಲೂ ಒಂದು ಬಲೆಯಿದೆ. 'ಎ' ಕಾರ್ಡ್ ಹಗುರ ಆಟವೊಂದರಲ್ಲಿ 400, ಭಾರದ ಆಟದಲ್ಲಿ 60 ಕೊಟ್ಟಿತು ಎನ್ನೋಣ. 'ಬಿ' ಕಾರ್ಡ್ 300 ಮತ್ತು 80. ಕೂಡಿಸಿ ಭಾಗಿಸಿದರೆ 230 ಮತ್ತು 190, 'ಎ' 21% ಮುಂದೆ. ಆದರೆ ಒಂದರಲ್ಲಿ 'ಎ' ಮೂರನೇ ಒಂದು ಭಾಗದಷ್ಟು ಮುಂದಿದ್ದರೆ, ಇನ್ನೊಂದರಲ್ಲಿ 'ಬಿ' ಅಷ್ಟೇ ಮುಂದಿದೆ. ಗುಣೋತ್ತರ ಸರಾಸರಿ ತೆಗೆದರೆ, ಅಂದರೆ ಎರಡು ಅಂಕಿಗಳನ್ನು ಗುಣಿಸಿ ವರ್ಗಮೂಲ ತೆಗೆದರೆ, ಎರಡೂ ಸುಮಾರು 155, ಸಮಸಮ. ದೊಡ್ಡ ಅಂಕಿಯ ಆಟವೊಂದೇ ತೀರ್ಪನ್ನು ಎಳೆದುಕೊಂಡು ಹೋಗಬಾರದು ಎನ್ನುವವರು ಗುಣೋತ್ತರ ಸರಾಸರಿಯನ್ನೇ ಬಳಸಬೇಕು.

ವೇಗದ ಜೊತೆ ಚಿತ್ರವನ್ನೂ ಕಣ್ಣಿನಿಂದ ನೋಡಬೇಕು. ಮೆಮೊರಿ ಸಾಲದಾದಾಗ ಎಲ್ಲ ಆಟಗಳೂ ನಿಧಾನವಾಗುವುದಿಲ್ಲ. ಕೆಲವು ಗೋಡೆ ನೆಲಗಳ ಟೆಕ್ಸ್ಚರ್‌ಗಳನ್ನು ಮಸುಕಾಗಿಸಿ ವೇಗ ಉಳಿಸಿಕೊಳ್ಳುತ್ತವೆ. 8 ಜಿಬಿ, 16 ಜಿಬಿ ಎರಡರಲ್ಲೂ ಬಂದ ಆರ್‌ಟಿಎಕ್ಸ್ 4060 ಟಿಐಯಂಥ ಕಾರ್ಡ್‌ಗಳನ್ನು ಹೋಲಿಸುವಾಗ ಗ್ರಾಫ್‌ನಲ್ಲಿ ಎರಡೂ ಒಂದೇ ಎತ್ತರ ಕಂಡರೂ ಪರದೆಯ ಮೇಲೆ ಬೇರೆಯೇ ಕಥೆ ಇರಬಹುದು. ಡಿಎಲ್‌ಎಸ್‌ಎಸ್, ಎಫ್‌ಎಸ್‌ಆರ್, ಎಕ್ಸ್‌ಇಎಸ್‌ಎಸ್ ಅಪ್‌ಸ್ಕೇಲಿಂಗ್‌ಗಳಲ್ಲೂ 'ಕ್ವಾಲಿಟಿ' ಎಂಬ ಒಂದೇ ಹೆಸರಿನಡಿ ಚಿತ್ರದ ಗುಣಮಟ್ಟ ಒಂದೇ ಇರುವುದಿಲ್ಲ. ಮೂಲ ಹೋಲಿಕೆ ಅಪ್‌ಸ್ಕೇಲಿಂಗ್ ಇಲ್ಲದೆ ಆಗಬೇಕು, ಇದ್ದಾಗಿನದು ಅದರ ಪಕ್ಕದಲ್ಲಿ ಚಿತ್ರಗಳ ಸಮೇತ ಬರಬೇಕು.

ಬಿಡಿಸಿದ ಫ್ರೇಮ್‌ಗಳ ನಡುವೆ ಕೃತಕ ಫ್ರೇಮ್‌ಗಳನ್ನು ಹುಟ್ಟಿಸಿ ಸೇರಿಸುವ ಫ್ರೇಮ್ ಜನರೇಶನ್ ವಿಷಯದಲ್ಲಿ ನನ್ನ ನಿಲುವು ಗಟ್ಟಿ: ಹುಟ್ಟಿಸಿದ ಫ್ರೇಮ್‌ಗಳನ್ನು ಬಿಡಿಸಿದ ಫ್ರೇಮ್‌ಗಳ ಜೊತೆ ಒಂದೇ ಗ್ರಾಫ್‌ನಲ್ಲಿ ಹಾಕಬಾರದು. 2025ರ ಜನವರಿಯಲ್ಲಿ ಎನ್‌ವಿಡಿಯಾ ಮುಖ್ಯಸ್ಥ ಜೆನ್ಸನ್ ಹುವಾಂಗ್ ಆರ್‌ಟಿಎಕ್ಸ್ 5070ರಲ್ಲಿ ಹಿಂದಿನ ಪೀಳಿಗೆಯ ಅತಿ ಬಲಶಾಲಿ ಕಾರ್ಡಾದ 4090ರ ಸಾಮರ್ಥ್ಯವಿದೆ ಎಂದರು. ಆ ಹೋಲಿಕೆ ನಿಂತದ್ದು ಒಂದು ನಿಜವಾದ ಫ್ರೇಮ್‌ಗೆ ಮೂರರವರೆಗೆ ಹುಟ್ಟಿಸಿ ಸೇರಿಸುವ ತಂತ್ರದ ಮೇಲೆ. ಪರದೆಯ ಚಲನೆ ಅದರಿಂದ ನಯವಾಗುವುದು ಹೌದು. ಆದರೆ ಮೌಸ್ ಅಲುಗಿಸಿದ್ದಕ್ಕೆ ಆಟ ಸ್ಪಂದಿಸುವುದು ನಿಜವಾದ ಫ್ರೇಮ್‌ಗಳಲ್ಲಿ ಮಾತ್ರ. ಹಾಗಾಗಿ ಅದನ್ನು ಅಳೆಯುವವರು ಲೇಟೆನ್ಸಿಯನ್ನೂ (ಸ್ಪಂದಿಸಲು ಆಗುವ ತಡವನ್ನೂ) ಜೊತೆಗೇ ಅಳೆದು ತೋರಿಸಬೇಕು.

ಕೊನೆಯಲ್ಲಿ ವ್ಯತ್ಯಾಸ ಎಷ್ಟಿದ್ದರೆ ವ್ಯತ್ಯಾಸ? ಪ್ರತಿ ದೃಶ್ಯವನ್ನೂ ಕನಿಷ್ಠ ಮೂರು ಸಲ ಓಡಿಸಿ. ಅದೇ ಕಾರ್ಡ್ ತನ್ನೊಳಗೇ 2% ಆಚೀಚೆ ಆಗುತ್ತಿದ್ದರೆ, ಎರಡು ಕಾರ್ಡ್‌ಗಳ ನಡುವಿನ 2% ಅಂತರವನ್ನು ಗೆಲುವೆಂದು ಬರೆಯುವಂತಿಲ್ಲ. ಮೂರರಲ್ಲಿ ಒಂದು ಓಟ ದೂರ ಸಿಡಿದು ನಿಂತರೆ ಅದನ್ನು ಸುಮ್ಮನೆ ಅಳಿಸಬೇಡಿ, ಕಾರಣ ಹುಡುಕಿ, ಮತ್ತೆ ಓಡಿಸಿ.

ಎಲ್ಲ ಕಾರ್ಡ್‌ಗಳೂ ಮುಗಿದ ಮೇಲೆ, ಮೊಟ್ಟಮೊದಲು ಅಳೆದ ಕಾರ್ಡನ್ನು ಮತ್ತೆ ಸಿಕ್ಕಿಸಿ ಎರಡು ಮೂರು ಆಟಗಳನ್ನು ಓಡಿಸುತ್ತೇನೆ. ಹಳೆಯ ಅಂಕಿಗಳೇ ಬಂದರೆ ನಡುವೆ ಯಂತ್ರದಲ್ಲಿ ಏನೂ ಸರಿದಿಲ್ಲ ಎಂದು ಅರ್ಥ. ಬರದಿದ್ದರೆ ಎಲ್ಲೋ ಏನೋ ಬದಲಾಗಿದೆ; ಅದು ಪತ್ತೆಯಾಗುವವರೆಗೆ ಆ ಸುತ್ತಿನ ಒಂದು ಅಂಕಿಯನ್ನೂ ಪ್ರಕಟಿಸುವುದಿಲ್ಲ.