ಫ್ರಾಟಾಕ್ಸಿನ್: ಮನುಷ್ಯ, ಯೀಸ್ಟ್, ಈ. ಕೋಲಿ ಮೂರನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದಾಗ

ಕಾಯಿಲೆಗೆ ಸಂಬಂಧಪಟ್ಟ ಪ್ರೋಟೀನನ್ನು ಸರಳ ಜೀವಿಗಳಲ್ಲಿರುವ ಅದರ ನೆಂಟರೊಂದಿಗೆ ಕಂಪ್ಯೂಟರಿನಲ್ಲಿ ಹೋಲಿಸುವುದನ್ನು ಈಗಷ್ಟೇ ಕಲಿಯುತ್ತಿದ್ದರೆ ಫ್ರಾಟಾಕ್ಸಿನ್‌ನಿಂದ ಶುರುಮಾಡಿ. ಚಿಕ್ಕ ಪ್ರೋಟೀನು, ಬ್ಯಾಕ್ಟೀರಿಯಾದಿಂದ ಮನುಷ್ಯರವರೆಗೂ ಉಳಿದುಬಂದಿದೆ. ಪ್ರೋಟೀನಿನ ಆಕಾರವನ್ನು ಊಹಿಸುವ ಕಂಪ್ಯೂಟರ್ ಮಾಡೆಲ್ ಏನು ಹೇಳುತ್ತದೆ, ಎಲ್ಲಿ ಸುಮ್ಮನಾಗುತ್ತದೆ ಎಂಬುದನ್ನು ಇದರಷ್ಟು ಸ್ಪಷ್ಟವಾಗಿ ಕಲಿಸಿದ ಉದಾಹರಣೆ ನನಗೆ ಬೇರೊಂದು ಸಿಕ್ಕಿಲ್ಲ.

ಮೊದಲು ಕಾಯಿಲೆ. ಜರ್ಮನಿಯ ಹೈಡೆಲ್‌ಬರ್ಗಿನ ವೈದ್ಯ ನಿಕೊಲಾಸ್ ಫ್ರೀಡ್ರೈಕ್ 1863ರಲ್ಲಿ ವಿವರಿಸಿದ, ಅವರ ಹೆಸರಿನಲ್ಲೇ ಕರೆಯುವ ಅಟಾಕ್ಸಿಯಾ (ದೇಹದ ಚಲನೆಯ ಹೊಂದಾಣಿಕೆ ತಪ್ಪುವ ಕಾಯಿಲೆ) ಇದು. ಸಾಮಾನ್ಯವಾಗಿ ಎಳೆಯ ವಯಸ್ಸಿನಲ್ಲೇ ನಡಿಗೆಯ ಹತೋಟಿ ತಪ್ಪುತ್ತದೆ, ಮಾತು ತೊದಲುತ್ತದೆ, ಹಲವರಲ್ಲಿ ಹೃದಯದ ಸ್ನಾಯು ದಪ್ಪಗಾಗುತ್ತದೆ. ಕಾರಣವಾದ ಜೀನು ಪತ್ತೆಯಾದದ್ದು 1996ರಲ್ಲಿ. ಅದು ತಯಾರಿಸುವ ಫ್ರಾಟಾಕ್ಸಿನ್ ಮೈಟೊಕಾಂಡ್ರಿಯಾದೊಳಗೆ ಕಬ್ಬಿಣ-ಗಂಧಕದ ಗುಚ್ಛಗಳನ್ನು ಕಟ್ಟುವ ಕೆಲಸಕ್ಕೆ ನೆರವಾಗುತ್ತದೆ. ಉಸಿರಾಟದ ಸರಪಳಿಯ ಹಲವು ಕಿಣ್ವಗಳಿಗೆ ಈ ಗುಚ್ಛಗಳು ಬೇಕೇಬೇಕು.

ಇನ್ನು ನೆಂಟರು. ಮನುಷ್ಯರ ಫ್ರಾಟಾಕ್ಸಿನ್‌ನಲ್ಲಿ 210 ಅಮೈನೊ ಆಮ್ಲಗಳಿವೆ, ಯೀಸ್ಟಿನ ವೈಎಫ್‌ಎಚ್1ರಲ್ಲಿ 174, ಈ. ಕೋಲಿ ಬ್ಯಾಕ್ಟೀರಿಯಾದ ಸಿಯಾವೈಯಲ್ಲಿ 106. ಮೂರನ್ನೂ ಹಾಗೇ ತಂದು ಜೋಡಿಸಿದರೆ ಸಾಲುಗಳು ಅಡ್ಡಾದಿಡ್ಡಿಯಾಗುತ್ತವೆ. ನಾನೂ ಮೊದಲ ಸಲ ಇಲ್ಲೇ ಎಡವಿದ್ದು. ಮನುಷ್ಯರ ಪ್ರೋಟೀನಿನ ಮೊದಲ 80 ಅಮೈನೊ ಆಮ್ಲಗಳು ಮತ್ತು ಯೀಸ್ಟಿನ ಮೊದಲ 51 ಬರೀ ವಿಳಾಸದ ಚೀಟಿ: ಮೈಟೊಕಾಂಡ್ರಿಯಾ ತಲುಪಿದ ಮೇಲೆ ಕತ್ತರಿಸಿಹೋಗುತ್ತವೆ. ಬ್ಯಾಕ್ಟೀರಿಯಾಕ್ಕೆ ಮೈಟೊಕಾಂಡ್ರಿಯಾ ಇಲ್ಲ, ಹಾಗಾಗಿ ಚೀಟಿಯೂ ಇಲ್ಲ. ಅವನ್ನು ತೆಗೆದು 81ರಿಂದ 210, 52ರಿಂದ 174 ಇಷ್ಟನ್ನೇ ಇಟ್ಟುಕೊಂಡು ಮತ್ತೆ ಜೋಡಿಸಿ.

ಈಗ ಒಂದು ಅಂಕಣವನ್ನು ಗಮನಿಸಿ. ಮನುಷ್ಯರಲ್ಲಿ 155ನೇ ಸ್ಥಾನದಲ್ಲಿರುವ ಟ್ರಿಪ್ಟೊಫ್ಯಾನ್ ಎಂಬ ಅಮೈನೊ ಆಮ್ಲ ಯೀಸ್ಟಿನಲ್ಲಿ 131, ಈ. ಕೋಲಿಯಲ್ಲಿ 61. ಸಂಖ್ಯೆ ಮೂರು, ಜಾಗ ಒಂದೇ. ಕೆಲವು ರೋಗಿಗಳಲ್ಲಿ ಈ ಟ್ರಿಪ್ಟೊಫ್ಯಾನ್ ಹೋಗಿ ಆರ್ಜಿನೈನ್ ಬಂದಿರುತ್ತದೆ. ಪಕ್ಕದ 154ನೇ ಐಸೊಲ್ಯೂಸಿನ್ ಬದಲಾಗಿರುವ ರೋಗಿಗಳೂ ಇದ್ದಾರೆ. ಯೀಸ್ಟಿನಲ್ಲಿ ಅದನ್ನು 130ನೇ ಸ್ಥಾನದಲ್ಲಿ ಹುಡುಕಬೇಕು.

ಆಕಾರದ ಕಡೆಗೆ ಬರೋಣ. ಅಮೈನೊ ಆಮ್ಲಗಳ ಸಾಲಿನಿಂದ ಪ್ರೋಟೀನಿನ ಆಕಾರ ಊಹಿಸುವ ಆಲ್ಫಾಫೋಲ್ಡ್ 2021ರಲ್ಲಿ ಬಿಡುಗಡೆ ಮಾಡಿದ ಮೊದಲ ಸಂಗ್ರಹದಲ್ಲೇ ಈ ಮೂರೂ ಜೀವಿಗಳ ಪ್ರೋಟೀನುಗಳಿದ್ದವು. ಮೂರು ಮಾಡೆಲ್‌ಗಳನ್ನು ಒಂದರ ಮೇಲೊಂದು ಕೂರಿಸಿದರೆ ಎರಡು ಸುರುಳಿಗಳು ಎಳೆಗಳ ಒಂದು ಹಾಳೆಗೆ ಒರಗಿಕೊಂಡ ಒಂದೇ ವಿನ್ಯಾಸ ಕಾಣುತ್ತದೆ. ಮನುಷ್ಯರ ಮತ್ತು ಈ. ಕೋಲಿಯ ಅಮೈನೊ ಆಮ್ಲಗಳ ಅಕ್ಷರಸಾಲುಗಳಲ್ಲಿ ಅಕ್ಷರಕ್ಕೆ ಅಕ್ಷರ ಹೊಂದುವುದು ಸುಮಾರು ಕಾಲುಭಾಗ ಮಾತ್ರ. ಆದರೂ ಮಡಿಕೆ ಬದಲಾಗಿಲ್ಲ! ಇದನ್ನು ಮೊದಲ ಸಲ ತೆರೆಯ ಮೇಲೆ ಕಂಡಾಗ ಬಹಳ ಹೊತ್ತು ತಿರುಗಿಸಿ ತಿರುಗಿಸಿ ನೋಡಿದ್ದೆ. ಮಾಡೆಲ್ ಕೊಡುವ ಭರವಸೆಯ ಅಂಕವನ್ನೂ ನೋಡುವುದು ರೂಢಿಯಾಗಲಿ: 90ಕ್ಕಿಂತ ಮೇಲಿದ್ದರೆ ಧೈರ್ಯವಾಗಿ ನಂಬಬಹುದು, 50ಕ್ಕಿಂತ ಕೆಳಗಿದ್ದರೆ ಅಲ್ಲಿ ಕಾಣುವ ಆಕಾರಕ್ಕೆ ಅರ್ಥ ಹುಡುಕಬೇಡಿ. ಪ್ರೋಟೀನಿನ ಬೆನ್ನೆಲುಬು ತಿರುಗುವ ಕೋನಗಳು ಸರಿಯಿವೆಯೇ ಎಂದು ಪರೀಕ್ಷಿಸಲು ಇಂದಿಗೂ ಬಳಸುವುದು ಜಿ. ಎನ್. ರಾಮಚಂದ್ರನ್ ಮತ್ತು ಸಂಗಡಿಗರು ಮದ್ರಾಸಿನಲ್ಲಿದ್ದಾಗ 1963ರಲ್ಲಿ ಪ್ರಕಟಿಸಿದ ನಕ್ಷೆಯನ್ನೇ. ಆಮೇಲೆ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಅಣುಜೈವಿಕ ಭೌತವಿಜ್ಞಾನದ ವಿಭಾಗ ಕಟ್ಟಿದರು.

ಮೂರೂ ಒಂದೇ ಎಂದು ಬರೆದು ಮುಗಿಸುವ ಮುನ್ನ ಪ್ರೋಟೀನಿನ ಬಾಲವನ್ನು, ಅಂದರೆ ಸಾಲಿನ ಕೊನೆಯ ತುದಿಯನ್ನು ನೋಡಿ. ಮನುಷ್ಯರದ್ದು ಉದ್ದ, ಈ. ಕೋಲಿಯದ್ದು ಮಧ್ಯಮ, ಯೀಸ್ಟಿನದ್ದು ಗಿಡ್ಡ. ಉದ್ದದ ಬಾಲ ಎರಡು ಸುರುಳಿಗಳ ನಡುವಿನ ಸಂದಿಗೆ ಬಂದು ಒಳಗಿನ ನೀರೊಲ್ಲದ ಭಾಗವನ್ನು ಮುಚ್ಚುತ್ತದೆ. ಬಿಸಿ ಮಾಡಿದಾಗ ಮೊದಲು ಬಿಚ್ಚಿಕೊಳ್ಳುವುದು ಯೀಸ್ಟಿನದ್ದು, ಕೊನೆಗೆ ಮನುಷ್ಯರದ್ದು. ಯೀಸ್ಟಿನ ಪ್ರೋಟೀನು ಎಷ್ಟು ನಾಜೂಕೆಂದರೆ, ಉಪ್ಪಿನಂಶ ಕಡಿಮೆಯಿರುವ ದ್ರಾವಣದಲ್ಲಿ ಚಳಿಗೂ ಬಿಚ್ಚಿಕೊಳ್ಳುತ್ತದೆ, ಅದೂ ನೀರು ಹೆಪ್ಪುಗಟ್ಟುವ ಮೊದಲೇ. ಬಿಚ್ಚಿಕೊಳ್ಳುವ ಈ ಗುಣ ಸ್ಥಿರ ಚಿತ್ರದಲ್ಲಿ ಕಾಣುವುದಿಲ್ಲ. ಬಾಲ ಎಲ್ಲಿ ಕೂತಿದೆ ಎಂಬ ಸುಳಿವಷ್ಟೇ ಸಿಗುತ್ತದೆ.

ಇನ್ನೊಂದು ಮಿತಿಯನ್ನು ದಪ್ಪ ಅಕ್ಷರದಲ್ಲಿ ಬರೆದಿಟ್ಟುಕೊಳ್ಳಿ. ಬಹುಪಾಲು ರೋಗಿಗಳಲ್ಲಿ ಕೆಟ್ಟಿರುವುದು ಪ್ರೋಟೀನಿನ ಆಕಾರವಲ್ಲ. ಜೀನಿನ ಮೊದಲ ಇಂಟ್ರಾನ್‌ನಲ್ಲಿ (ಪ್ರೋಟೀನಿಗೆ ಸೇರದ ತುಣುಕು) ಜಿಎಎ ಎಂಬ ಮೂರಕ್ಷರ ನೂರಾರು ಬಾರಿ ಮರುಕಳಿಸಿ ಜೀನನ್ನು ಅದುಮಿಡುತ್ತದೆ. ಹುಟ್ಟುವ ಫ್ರಾಟಾಕ್ಸಿನ್ ಸರಿಯಾಗಿಯೇ ಇರುತ್ತದೆ, ಸಾಕಷ್ಟು ಇರುವುದಿಲ್ಲ. ಇದಕ್ಕೆ ಆಕಾರದ ಮಾಡೆಲ್ ಉತ್ತರ ಕೊಡಲಾರದು. ಅದು ನೆರವಿಗೆ ಬರುವುದು 155ರಂಥ ಬಿಡಿ ಬದಲಾವಣೆ ಇರುವ ಕೆಲವೇ ರೋಗಿಗಳ ವಿಷಯದಲ್ಲಿ.

ಕೆಲಸದ ವಿಚಾರ ಇನ್ನೂ ಸ್ವಾರಸ್ಯದ್ದು. ಯೀಸ್ಟಿನಲ್ಲಿ ಈ ಜೀನನ್ನು ತೆಗೆದರೆ ಮೈಟೊಕಾಂಡ್ರಿಯಾದಲ್ಲಿ ಕಬ್ಬಿಣ ಶೇಖರವಾಗುತ್ತದೆ, ಮನುಷ್ಯರ ಜೀನನ್ನು ಸೇರಿಸಿದರೆ ಯೀಸ್ಟ್ ಚೇತರಿಸಿಕೊಳ್ಳುತ್ತದೆ. ಇಲ್ಲಿಯವರೆಗೆ ಆಕಾರ ಹೇಳಿದ ಮಾತು ನಿಜ. ಆದರೆ ಗುಚ್ಛ ಕಟ್ಟಲು ಗಂಧಕ ಒದಗಿಸುವ ಕಿಣ್ವವನ್ನು ಮನುಷ್ಯರ ಫ್ರಾಟಾಕ್ಸಿನ್ ಚುರುಕುಗೊಳಿಸಿದರೆ, ಸಿಯಾವೈ ಈ. ಕೋಲಿಯಲ್ಲಿ ಗುಚ್ಛ ಕಟ್ಟುವುದನ್ನು ತಡೆಯುತ್ತದೆ. ಒಂದೇ ಮಡಿಕೆ, ತದ್ವಿರುದ್ಧ ಪರಿಣಾಮ. ಇಬ್ಬರನ್ನೂ ಅದಲುಬದಲು ಮಾಡಿ ನೋಡಿದ ಪ್ರಯೋಗಗಳ ಫಲಿತಾಂಶ 2012ರಲ್ಲಿ ಬಂತು: ಮನುಷ್ಯರ ಕಿಣ್ವದ ಜೊತೆ ಸಿಯಾವೈ ಕೂಡ ಚುರುಕುಗೊಳಿಸಿತು, ಈ. ಕೋಲಿಯ ಕಿಣ್ವದ ಜೊತೆ ಮನುಷ್ಯರ ಫ್ರಾಟಾಕ್ಸಿನ್ ಕೂಡ ತಡೆಯಿತು. ವ್ಯತ್ಯಾಸ ಇದ್ದದ್ದು ಫ್ರಾಟಾಕ್ಸಿನ್‌ನಲ್ಲಿ ಅಲ್ಲ, ಅದು ಜೊತೆಗೂಡುವ ಕಿಣ್ವದಲ್ಲಿ.

ಹಾಗಾಗಿ ಫ್ರಾಟಾಕ್ಸಿನ್ ಒಂದರ ಮಾಡೆಲ್ ಮುಗಿದ ಮೇಲೆ ಫೈಲು ಮುಚ್ಚಬೇಡಿ. ಮನುಷ್ಯರ ಎನ್‌ಎಫ್‌ಎಸ್1 ಕಿಣ್ವವನ್ನೂ ಈ. ಕೋಲಿಯ ಐಎಸ್‌ಸಿಎಸ್ ಕಿಣ್ವವನ್ನೂ ತಂದು ಅವೆರಡನ್ನು ಹೋಲಿಸಿ: ಗಂಧಕ ಒದಗಿಸುವ ಕಿಣ್ವಗಳು ಇವೇ. ಮನುಷ್ಯರ ಫ್ರಾಟಾಕ್ಸಿನ್, ಈ ಕಿಣ್ವ ಮತ್ತು ಜೊತೆಗಾರ ಪ್ರೋಟೀನುಗಳ ಪೂರ್ತಿ ಗುಂಪಿನ ರಚನೆ ಕ್ರಯೋ-ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ 2019ರಲ್ಲಿ ಸಿಕ್ಕಿದೆ. ಅದನ್ನು ತೆರೆದು ಆ 155ನೇ ಟ್ರಿಪ್ಟೊಫ್ಯಾನ್ ಯಾರಿಗೆ ತಾಗಿಕೊಂಡಿದೆ ಎಂದು ಹುಡುಕಿ.