ಚೀನೀಯರ ಈ ಸುರುಳಿ ಬರಹ ಸುಮ್ನೆ ಗೀಚಿದ್ದಾ?

ಪ್ರಶ್ನೆ: ಚೀನಾದ ಕುಂಚದ ಬರಹದಲ್ಲಿ ಒಂದು ಬಗೆ ನೂಲು ಸಿಕ್ಕುಬಿದ್ದ ಹಾಗೆ ಇರುತ್ತದಲ್ಲ, ಅದನ್ನು ಅಲ್ಲಿನವರು ನಿಜವಾಗ್ಲೂ ಓದುತ್ತಾರಾ? ಇಲ್ಲಾ ಚೆಂದಕ್ಕೆ ಗೀಚೋದಾ?

ಗೀಚೋದಲ್ಲ. ಹಾಗಂತ ಎಲ್ಲ ಚೀನೀಯರಿಗೂ ಅದನ್ನು ಓದಲು ಬರುವುದಿಲ್ಲ. ದಿನಾ ಪೇಪರ್ ಓದುವವರೂ ಇದರ ಮುಂದೆ ತಲೆ ಕೆರೆದುಕೊಳ್ಳುತ್ತಾರೆ. ಈ ಬರಹದ ಹೆಸರು ತ್ಸಾವ್‌ಶು. ಬೇರೆಯಾಗಿ ಕಲಿತವರಿಗೇ ಇದು ದಕ್ಕುವುದು.

ಅವರು ಕಲಿಯುವುದು ಕುಂಚ ಓಡಾಡಿದ ದಾರಿಯನ್ನು. ನದಿ, ಸಮುದ್ರ, ಸರೋವರ ಇಂಥ ಅಕ್ಷರಗಳ ಎಡಕ್ಕೆ ನೀರಿನ ಗುರುತಾಗಿ ಮೂರು ಚುಕ್ಕೆ ಇರುತ್ತವೆ, ಒಂದರ ಕೆಳಗೊಂದು. ತ್ಸಾವ್‌ಶುವಿನಲ್ಲಿ ಕುಂಚವನ್ನು ಮೂರು ಸಲ ಎತ್ತಿ ಇಡುವುದಿಲ್ಲ. ಎಷ್ಟೋ ಸಲ ಮೂರೂ ಸೇರಿ ಒಂದೇ ಉದ್ದ ಗೆರೆಯಾಗುತ್ತದೆ. ತಮಾಷೆ ಅಂದ್ರೆ, ಮನುಷ್ಯನನ್ನು ಸೂಚಿಸುವ ಎಡಭಾಗವೂ ಹೆಚ್ಚುಕಡಿಮೆ ಹೀಗೇ ಕಾಣುತ್ತದೆ. ಗೊಂದಲ ಆಗಲ್ವಾ? ಆಗುತ್ತದೆ. ಬಲಗಡೆ ಏನಿದೆ, ಹಿಂದೆಮುಂದೆ ಯಾವ ಪದ ಇದೆ ಅಂತ ನೋಡಿ ಬಿಡಿಸಿಕೊಳ್ಳಬೇಕು. ಆದರೆ ಯಾವುದನ್ನು ಹೇಗೆ ಮೊಟಕು ಮಾಡಬೇಕು ಅನ್ನುವುದಕ್ಕೆ ಹಳೆಯ ರೂಢಿ ಇದೆ, ಮನಸ್ಸಿಗೆ ಬಂದಂತೆ ಮಾಡುವ ಹಾಗಿಲ್ಲ. ಇವತ್ತು ಚೀನಾದಲ್ಲಿ ಅಚ್ಚಾಗುವ 'ಪುಸ್ತಕ' ಅನ್ನುವ ಅಕ್ಷರವೂ ಇಲ್ಲಿಂದಲೇ ಬಂದದ್ದು: ಮೊದಲು 10 ಗೆರೆ ಇತ್ತು, ಈಗ 4.

687ರಲ್ಲಿ ಸುನ್ ಗುವೊತಿಂಗ್ ಎಂಬಾತ ಕುಂಚದ ಬರಹದ ಬಗ್ಗೆ ಒಂದು ಪ್ರಬಂಧ ಬರೆದ, ಅದನ್ನೂ ತ್ಸಾವ್‌ಶುವಿನಲ್ಲೇ. ಬಿಡಿಬಿಡಿ ಬರಹಕ್ಕೆ ಚುಕ್ಕೆ ಗೆರೆಗಳೇ ಮೈ, ತ್ಸಾವ್‌ಶುವಿಗೆ ತಿರುವುಗಳೇ ಮೈ ಎನ್ನುತ್ತಾನೆ. ಅಲ್ಲಿ ಒಂದು ಚುಕ್ಕೆ ಬಿಟ್ಟುಹೋದರೂ ಹೇಗೋ ಓದಬಹುದು. ಇಲ್ಲಿ ತಿರುವು ತಪ್ಪಿದರೆ ಅದು ಅಕ್ಷರವೇ ಅಲ್ಲ. ಇದಕ್ಕಿಂತ ಚೆನ್ನಾಗಿ ಹೇಳಲು ನನಗಂತೂ ಬರಲ್ಲ.

ಓದಲು ಬಾರದ ನಮ್ಮಂಥವರಿಗೂ ಒಂದು ಉಪಾಯ ಇದೆ. ಕುಂಚ ಒತ್ತಿದರೆ ಗೆರೆ ದಪ್ಪ, ಎತ್ತಿದರೆ ಸಣ್ಣ. ದಪ್ಪಗೆ ಕಾಣುವುದು ಸಾಮಾನ್ಯವಾಗಿ ಅಕ್ಷರದ ಗೆರೆ. ಕೂದಲಿನಷ್ಟು ತೆಳ್ಳಗೆ ಇರುವುದು ಕುಂಚ ಒಂದು ಗೆರೆಯಿಂದ ಇನ್ನೊಂದಕ್ಕೆ ದಾಟುವಾಗ ಕಾಗದಕ್ಕೆ ತಾಗಿದ ಗುರುತು. ಆ ತೆಳು ಎಳೆಯನ್ನು ಮನಸ್ಸಿನಲ್ಲೇ ಅಳಿಸಿ ನೋಡಿ, ಅರ್ಧ ಸಿಕ್ಕು ಬಿಡಿಸಿದ ಹಾಗೆ. ಉನ್ಮತ್ತ ತ್ಸಾವ್‌ಶು ಅಂತ ಇನ್ನೊಂದು ಬಗೆ ಇದೆ. ಅದರಲ್ಲಿ ಮಾತ್ರ ಈ ಉಪಾಯ ಜಾಸ್ತಿ ನಡೆಯಲ್ಲ, ಅಕ್ಷರಕ್ಕೆ ಅಕ್ಷರವೇ ಅಂಟಿಕೊಂಡಿರುತ್ತದೆ.

ಅದಕ್ಕೆ ಹೆಸರಾದವನು ಹುವಾಯ್‌ಸು, ಕುಡಿತಕ್ಕೂ ಹೆಸರಾಗಿದ್ದ ಬೌದ್ಧ ಭಿಕ್ಷು. 777ರಲ್ಲಿ ಆತ ಬರೆದ ಆತ್ಮಕಥೆಯ ಸುರುಳಿ ತೈಪೆಯ ಅರಮನೆ ವಸ್ತುಸಂಗ್ರಹಾಲಯದಲ್ಲಿದೆ. ಉದ್ದ ಏಳು ಮೀಟರಿಗೂ ಜಾಸ್ತಿ. ಚಿತ್ರ ಸಿಕ್ಕರೆ ಅರ್ಥ ಹುಡುಕಬೇಡಿ, ಮಸಿ ನೋಡಿ. ಕಡುಕಪ್ಪಾಗಿ ಶುರುವಾದದ್ದು ಸಾಗುತ್ತಾ ಒಣಗುತ್ತದೆ, ಗೆರೆಯ ನಡುವೆ ಕಾಗದದ ಬಿಳಿ ಇಣುಕುತ್ತದೆ. ಆಮೇಲೆ ಇದ್ದಕ್ಕಿದ್ದಂತೆ ಮತ್ತೆ ಕಪ್ಪು. ಅಲ್ಲಿ ಆತ ಕುಂಚವನ್ನು ಮತ್ತೆ ಮಸಿಯಲ್ಲಿ ಅದ್ದಿದ್ದಾನೆ.